ಕಾರಿನ ಸದ್ದು, ಕುಲುಕಾಟ ತಗ್ಗಿಸಲು ಟೈರ್ ಸೈಜ್ ಬದಲಿಸುವುದು ಹೇಗೆ?

ಷೋರೂಮಿನಲ್ಲಿ 16 ಇಂಚಿನ ಅಲಾಯ್ ವೀಲ್ ನೋಡೋಕೆ ಚಂದ. ಟಾಪ್ ಮಾಡೆಲ್ಲೇ ಬೇಕು ಅಂತ ಒಂದೆರಡು ಲಕ್ಷ ಜಾಸ್ತಿ ಕೊಟ್ಟು ತರುತ್ತೇವೆ. ಆಮೇಲೆ ಶುರುವಾಗುತ್ತದೆ ದೂರು. ಹಂಪ್ ಬಂದಾಗೆಲ್ಲ ಸೊಂಟಕ್ಕೆ ಏಟು. ಹೈವೇಗೆ ಹೋದರೆ ಒಳಗೆಲ್ಲ ಗುಂಯ್ ಅನ್ನುವ ಸದ್ದು, ಹಿಂದೆ ಕೂತವರ ಮಾತು ಕೇಳಿಸುವುದಿಲ್ಲ. ತಮಾಷೆ ಏನು ಅಂದರೆ, ಅದೇ ಕಾರಿನ ಕೆಳಗಿನ ವೇರಿಯಂಟ್ ತಗೊಂಡ ಪಕ್ಕದ ಮನೆಯವರಿಗೆ ಈ ತೊಂದರೆ ಅಷ್ಟಿಲ್ಲ. ಅವರ ಕಾರಿನಲ್ಲಿ ಸಸ್ಪೆನ್ಷನ್ ಬೇರೆ ಇರಲಿಕ್ಕಿಲ್ಲ. ಟೈರ್ ಬೇರೆ.

ಮೊದಲೇ ಒಂದು ವಿಷಯ ತಲೆಯಲ್ಲಿರಲಿ. ಸವಾರಿ ಮೆತ್ತಗಿರಬೇಕಾದರೆ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಎತ್ತರ ಇರಬೇಕು, ಒಳಗೆ ಗಾಳಿ ಸರಿಯಾಗಿರಬೇಕು. ಸದ್ದು ಕಡಿಮೆಯಾಗಬೇಕಾದರೆ ಟೈರಿನ ಅಚ್ಚು (ನೆಲಕ್ಕೆ ತಾಗುವ ಮೈಮೇಲಿನ ಗೀರುಗಳ ವಿನ್ಯಾಸ), ರಬ್ಬರಿನ ಗುಣ, ಅಗಲ ಇವನ್ನು ನೋಡಬೇಕು. ಎರಡೂ ಒಂದೇ ಅಂದುಕೊಂಡು ಅಂಗಡಿಗೆ ಹೋದವರು ದುಡ್ಡು ಕೊಟ್ಟು ಅರ್ಧ ಕೆಲಸ ಮಾಡಿಸಿಕೊಂಡು ಬರುತ್ತಾರೆ.

ಮೊದಲು ಗಾಳಿ ನೋಡಿ

ಇದಕ್ಕೆ ಖರ್ಚಿಲ್ಲ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಯಾವ ಸೈಜಿನ ಟೈರಿಗೆ ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಇಬ್ಬರೇ ಕೂತರೆ ಎಷ್ಟು, ಲಗೇಜ್ ಸಮೇತ ಐದು ಜನ ಕೂತರೆ ಎಷ್ಟು, ಎಲ್ಲ ಅದರಲ್ಲೇ ಬರೆದಿರುತ್ತದೆ. ಪೆಟ್ರೋಲ್ ಬಂಕಿನ ಹುಡುಗ ಅದನ್ನು ನೋಡುವುದಿಲ್ಲ. ಎಲ್ಲ ಕಾರಿಗೂ 35 ತುಂಬಿ ಕಳಿಸುತ್ತಾನೆ. ಬಂಕಿನ ಮೀಟರ್ ಸರಿ ಇರುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ.

ನಿಮ್ಮದೇ ಒಂದು ಪ್ರೆಶರ್ ಗೇಜ್ ಕೊಂಡಿಟ್ಟುಕೊಳ್ಳಿ. ಬೆಳಿಗ್ಗೆ, ಕಾರು ತೆಗೆಯುವ ಮೊದಲು, ಟೈರ್ ತಣ್ಣಗಿರುವಾಗ ಅಳೆಯಿರಿ. ಒಂದಿಷ್ಟು ದೂರ ಓಡಿದ ಮೇಲೆ ಒತ್ತಡ ಮೂರ್ನಾಲ್ಕು ಪಿಎಸ್‌ಐ ಏರಿರುತ್ತದೆ, ಆಗ ಅಳೆದದ್ದು ಲೆಕ್ಕಕ್ಕಿಲ್ಲ. ಸ್ಟಿಕ್ಕರ್‌ನಲ್ಲಿ ಇದ್ದಷ್ಟಕ್ಕೆ ತಂದು ಒಂದು ವಾರ ಓಡಿಸಿ. ಕೆಲವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಹಾಗಂತ ಇನ್ನೂ ಮೆತ್ತಗಾಗಲಿ ಅಂತ ಅದಕ್ಕಿಂತ ಕಡಿಮೆ ಮಾಡಬೇಡಿ. ಗಾಳಿ ಕಡಿಮೆ ಇರುವ ಟೈರ್ ಹೈವೇಯಲ್ಲಿ ಕಾದು ಸಿಡಿಯುವ ಅಪಾಯ ಇದೆ, ಗುಂಡಿಗೆ ಬಿದ್ದರೆ ರಿಮ್ಮೂ ಬಾಗುತ್ತದೆ. ನೈಟ್ರೋಜನ್ ತುಂಬಿಸಿದರೆ ಮೆತ್ತಗಾಗುತ್ತದೆ ಅನ್ನುವುದು ಸುಮ್ನೆ ಮಾತು.

ಸದ್ದು ಟೈರಿನದ್ದೇನಾ?

ಪರೀಕ್ಷೆ ಸುಲಭ. ಕಿಟಕಿ ಮುಚ್ಚಿ, ಎಸಿ ಮತ್ತು ಹಾಡು ಆಫ್ ಮಾಡಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ 80ಕ್ಕೆ ಹೋಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸದ್ದು ಹಾಗೇ ಉಳಿದರೆ ಅದು ಎಂಜಿನ್‌ನದ್ದಲ್ಲ. ಡಾಂಬರಿನಿಂದ ಕಾಂಕ್ರೀಟಿಗೆ ದಾಟುವಾಗ ಸದ್ದಿನ ಧಾಟಿ ಬದಲಾಯಿತಾ? ಹಾಗಾದರೆ ಟೈರ್. ಬೆಂಗಳೂರಿನ ವೈಟ್ ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟ್ ಹಾಕಿದ) ರಸ್ತೆಗಳಲ್ಲಿ, ಶಿರಾಡಿ ಘಾಟಿಯ ಕಾಂಕ್ರೀಟ್ ಮೇಲೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಜಾರದಿರಲಿ ಅಂತ ಕಾಂಕ್ರೀಟಿನ ಮೇಲೆ ಗೀರು ಎಳೆದಿರುತ್ತಾರಲ್ಲ, ಆ ಗೀರುಗಳ ಮೇಲೆ ಟೈರ್ ಹಾಡುತ್ತದೆ. ಅಲ್ಲಿ ಯಾವ ಟೈರೂ ಪೂರ್ತಿ ಮೌನವಾಗಿರುವುದಿಲ್ಲ.

ರಸ್ತೆ ಯಾವುದೇ ಇರಲಿ, ವೇಗ ಹೆಚ್ಚಿದಂತೆ ಒಂದೇ ಸಮನೆ ಹೂಂಕರಿಸುತ್ತಿದೆಯಾ? ಉದ್ದನೆಯ ತಿರುವಿನಲ್ಲಿ ಒಂದು ಕಡೆಗೆ ಜೋರಾಗಿ, ಇನ್ನೊಂದು ಕಡೆಗೆ ಕಡಿಮೆಯಾಗುತ್ತಿದೆಯಾ? ಅದು ವೀಲ್ ಬೇರಿಂಗ್ ಇರಬಹುದು. ಅದಕ್ಕೆ ಟೈರ್ ಬದಲಿಸಿ ಪ್ರಯೋಜನ ಇಲ್ಲ. ಹಂಪ್ ಮೇಲೆ ‘ಟಕ್ ಟಕ್’ ಅಂದರೆ ಸಸ್ಪೆನ್ಷನ್ನಿನ ಭಾಗಗಳಾದ ಲಿಂಕ್ ರಾಡ್, ಬುಷ್, ಸ್ಟ್ರಟ್ ಮೌಂಟ್ ಇವನ್ನು ಮೆಕ್ಯಾನಿಕ್‌ಗೆ ತೋರಿಸಿ.

ಇನ್ನೊಂದು ಕೈಯ ಪರೀಕ್ಷೆ ಇದೆ. ಟೈರಿನ ಮೇಲ್ಮೈ ಮೇಲೆ ಅಂಗೈ ಇಟ್ಟು ಮುಂದಕ್ಕೆ ಒಮ್ಮೆ, ಹಿಂದಕ್ಕೆ ಒಮ್ಮೆ ಸವರಿ. ಒಂದು ದಿಕ್ಕಿನಲ್ಲಿ ನಯ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲು ತಾಗಿದಂತೆ ಇದ್ದರೆ ಟೈರ್ ಅಡ್ಡಾದಿಡ್ಡಿ ಸವೆದಿದೆ. ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿದ, ವರ್ಷಗಟ್ಟಲೆ ಮುಂದಿನದ್ದು ಹಿಂದಕ್ಕೆ ಹಾಕದ ಕಾರಿನಲ್ಲಿ ಇದು ಮಾಮೂಲಿ. ಹೊಸದಾಗಿದ್ದಾಗ ಸುಮ್ಮನಿದ್ದ ಟೈರ್ ಈಗ ಕಿರುಚುತ್ತಿರುವುದು ಇದಕ್ಕೇ.

ನಂಬರ್ ಓದಿ, ಲೆಕ್ಕ ಹಾಕಿ

ಬಲೆನೊ, ಐ20 ಇವುಗಳ ಮೇಲಿನ ವೇರಿಯಂಟ್‌ಗಳಲ್ಲಿ 195/55 ಆರ್16 ಟೈರ್ ಬರುತ್ತದೆ. ಕೆಳಗಿನ ವೇರಿಯಂಟ್‌ಗಳಲ್ಲಿ 185/65 ಆರ್15. ಈ ಜೋಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

195 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 55 ಅಂದರೆ ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇ. 55. ಆರ್ ಅಂದರೆ ರೇಡಿಯಲ್, ಅದು ಟೈರ್ ಕಟ್ಟಿದ ಬಗೆ. 16 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಈಗ ಲೆಕ್ಕ. 195ರ ಶೇ. 55 ಅಂದರೆ 107.25 ಮಿ.ಮೀ. ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿ 214.5. ರಿಮ್ಮಿನ 16 ಇಂಚನ್ನು 25.4ರಿಂದ ಗುಣಿಸಿದರೆ 406.4. ಕೂಡಿದರೆ ಇಡೀ ಚಕ್ರದ ವ್ಯಾಸ 620.9 ಮಿ.ಮೀ.

185/65 ಆರ್15ಕ್ಕೆ ಇದೇ ಲೆಕ್ಕ ಹಾಕಿ. ಸೈಡ್‌ವಾಲ್ 120.25. ಒಟ್ಟು ವ್ಯಾಸ 621.5.

ನೋಡಿದ್ರಾ? ಚಕ್ರದ ಒಟ್ಟು ಎತ್ತರದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ಸ್ಪೀಡೋಮೀಟರ್, ಎಬಿಎಸ್, ಗ್ರೌಂಡ್ ಕ್ಲಿಯರೆನ್ಸ್ ಯಾವುದಕ್ಕೂ ತೊಂದರೆ ಇಲ್ಲ. ಆದರೆ ರಸ್ತೆಗೂ ರಿಮ್ಮಿಗೂ ನಡುವೆ 13 ಮಿ.ಮೀ. ಹೆಚ್ಚು ರಬ್ಬರು, ಗಾಳಿ ಬಂತು. ಸುಮಾರು ಒಂದು ಬೆರಳಿನ ಅಗಲ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಆ ಏಟನ್ನು ಮೊದಲು ತಿನ್ನುವುದು ಈ ಬೆರಳಗಲವೇ. ಜೊತೆಗೆ ಅಗಲ 10 ಮಿ.ಮೀ. ಕಡಿಮೆಯಾದ್ದರಿಂದ ಸದ್ದೂ ಸ್ವಲ್ಪ ಇಳಿಯುತ್ತದೆ, ನಿಂತ ನೀರಿನ ಮೇಲೆ ಕಾರು ತೇಲುವುದೂ ಕಡಿಮೆ.

ನಂಬರಿನ ಕೊನೆಯಲ್ಲಿ 87ವಿ, 88ಎಚ್ ಅಂತ ಇರುತ್ತದೆ. ಇದನ್ನು ಯಾರೂ ನೋಡುವುದಿಲ್ಲ, ನೋಡಲೇಬೇಕು. 87 ಅಂದರೆ ಒಂದು ಟೈರ್ 545 ಕೆ.ಜಿ. ಹೊರುತ್ತದೆ, 88 ಅಂದರೆ 560 ಕೆ.ಜಿ. ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ, ವಿ ಅಂದರೆ 240ರವರೆಗೆ. ಭಾರದ ಅಂಕಿ ಕಾರಿನ ಜೊತೆ ಬಂದದ್ದಕ್ಕಿಂತ ಕಡಿಮೆಯಾಗಲೇಬಾರದು. ಬ್ಯಾಟರಿ ಕಾರುಗಳಲ್ಲಂತೂ ಇದು ಇನ್ನೂ ಮುಖ್ಯ, ಅವುಗಳ ತೂಕ ಜಾಸ್ತಿ. ವೇಗದ ಅಕ್ಷರದಲ್ಲಿ ಕಂಪನಿ ಆ ಸೈಜಿಗೆ ಏನು ಹೇಳಿದೆಯೋ ಅದಕ್ಕಿಂತ ಕೆಳಗೆ ಇಳಿಯಬೇಡಿ.

ಅಂಗಡಿಯಲ್ಲಿ ನಡೆಯುವ ಒಂದು ಮಾತುಕತೆ ಹೀಗಿರುತ್ತದೆ: “185/65 ಸ್ಟಾಕ್ ಇಲ್ಲ ಸರ್, 185/60 ಹಾಕಿಬಿಡಿ, ಎರಡೂ ಒಂದೇ.” ಒಂದೇ ಅಲ್ಲ. 185/60 ಆರ್15ರ ವ್ಯಾಸ 603 ಮಿ.ಮೀ. ನಮ್ಮ ಕಾರಿಗೆ ಬೇಕಾದದ್ದಕ್ಕಿಂತ 18.5 ಕಡಿಮೆ. ಕಾರಿನ ಹೊಟ್ಟೆ 9 ಮಿ.ಮೀ. ನೆಲಕ್ಕೆ ಹತ್ತಿರವಾಗುತ್ತದೆ, ಮೀಟರ್ ಇರುವುದಕ್ಕಿಂತ ಶೇ. 3 ಜಾಸ್ತಿ ವೇಗ ತೋರಿಸುತ್ತದೆ. ಮೆತ್ತನೆಯೂ ಅಷ್ಟಕ್ಕಷ್ಟೆ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಅವರ ಮುಂದೆಯೇ ಲೆಕ್ಕ ಹಾಕಿ ತೋರಿಸಿ.

ಮೂರು ದಾರಿಗಳು

ಸೈಜ್ ಬದಲಿಸದೆ ಟೈರಿನ ಜಾತಿ ಬದಲಿಸುವುದು ಒಂದು. ನಿಮ್ಮ ದೂರು ಬರೀ ಸದ್ದಿನದ್ದಾಗಿದ್ದರೆ ಇಲ್ಲಿಗೆ ನಿಲ್ಲಿಸಿ. ಒಂದೇ ಸೈಜಿನಲ್ಲಿ ಬಹಳ ಬಾಳಿಕೆ ಬರುವ ಗಟ್ಟಿ ಟೈರೂ ಸಿಗುತ್ತದೆ, ಆರಾಮಕ್ಕಂತಲೇ ಮಾಡಿದ ಮೆತ್ತನೆ ಟೈರೂ ಸಿಗುತ್ತದೆ. ಮಿಶೆಲಿನ್ ಪ್ರೈಮಸಿ, ಕಾಂಟಿನೆಂಟಲ್ ಕಂಫರ್ಟ್‌ಕಾಂಟ್ಯಾಕ್ಟ್, ಬ್ರಿಜ್‌ಸ್ಟೋನ್ ಟುರಾಂಜಾ ಈ ಎರಡನೇ ಗುಂಪಿನವು. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಇವರ ಪಟ್ಟಿಯಲ್ಲೂ ಎರಡೂ ಬಗೆ ಇವೆ, ಕೇಳಿ ತಿಳಿದುಕೊಳ್ಳಬೇಕು ಅಷ್ಟೆ. ಮೆತ್ತನೆ ರಬ್ಬರು ಬೇಗ ಸವೆಯುತ್ತದೆ, ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು. ಮಲೆನಾಡಿನ ತೋಟದ ದಾರಿಯಲ್ಲಿ ದಿನಾ ಓಡಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಚೂಪು ಕಲ್ಲಿಗೆ ಮೆತ್ತನೆ ಸೈಡ್‌ವಾಲ್ ಉಜ್ಜಿದರೆ ಕತ್ತರಿಸಿ ಹೋಗುತ್ತದೆ, ಸೈಡ್‌ವಾಲ್‌ಗೆ ಪಂಕ್ಚರ್ ಹಾಕಲು ಬರುವುದಿಲ್ಲ.

ಎರಡನೆಯದು ನಾನು ಮೇಲೆ ಲೆಕ್ಕ ಹಾಕಿದ ದಾರಿ: ಅದೇ ಕಾರಿನ ಕೆಳಗಿನ ವೇರಿಯಂಟಿನ ರಿಮ್, ಟೈರ್ ಎರಡನ್ನೂ ಹಾಕುವುದು. ಮೆತ್ತನೆ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ಸೈಜನ್ನು ಕಂಪನಿಯೇ ಪರೀಕ್ಷೆ ಮಾಡಿ ಮಾರಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕಂಪನಿಯೇ ಆ ಮಾಡೆಲ್‌ಗೆ ಕೊಟ್ಟ ಸೈಜ್ ಆದರೆ ವಾದಕ್ಕೆ ಆಸ್ಪದ ಕಡಿಮೆ. ಆದರೂ ಇನ್ಶೂರೆನ್ಸ್‌ನವರಿಗೆ ಒಂದು ಇಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ. ಅಪಘಾತ ಆದ ಮೇಲೆ ಚರ್ಚೆ ಬೇಡ.

ಸ್ವಿಫ್ಟ್‌ನಲ್ಲೂ ಹೀಗೇ ಜೋಡಿ ಇದೆ: 185/65 ಆರ್15 ಮತ್ತು 165/80 ಆರ್14. ವ್ಯಾಸ 621.5 ಮತ್ತು 619.6, ಹೆಚ್ಚುಕಡಿಮೆ ಒಂದೇ. ನಾಲ್ಕನೇ ತಲೆಮಾರಿನ ಹೋಂಡಾ ಸಿಟಿಯಲ್ಲಿ 185/55 ಆರ್16 ಮತ್ತು 175/65 ಆರ್15. ಕ್ರೆಟಾದಲ್ಲಿ ಮಾತ್ರ ಸ್ವಲ್ಪ ಹುಷಾರು. ಅಲ್ಲಿ 215/60 ಆರ್17ರಿಂದ 205/65 ಆರ್16ಕ್ಕೆ ಇಳಿದರೆ ಸೈಡ್‌ವಾಲ್ ಹೆಚ್ಚುವುದು ಬರೀ 4 ಮಿ.ಮೀ., ಚಕ್ರದ ವ್ಯಾಸ ಮಾತ್ರ ಸುಮಾರು 17 ಮಿ.ಮೀ. ಕಡಿಮೆಯಾಗುತ್ತದೆ. ಅಷ್ಟಕ್ಕೆ ಹೊಸ ರಿಮ್ ಕೊಳ್ಳುವುದು ದಂಡ.

ಮೂರನೆಯದು ರಿಮ್ ಅದೇ ಇಟ್ಟುಕೊಂಡು ದಪ್ಪ ಟೈರ್ ಹಾಕುವುದು. 185/65 ಆರ್15 ಇದ್ದವರು 195/65 ಆರ್15 ಹಾಕಿಸುವುದು ನಮ್ಮಲ್ಲಿ ತುಂಬಾ ಜನಪ್ರಿಯ. ಸೈಡ್‌ವಾಲ್ 6.5 ಮಿ.ಮೀ. ಎತ್ತರ ಆಗುತ್ತದೆ, ಕಾರೂ ಅಷ್ಟೇ ಮೇಲೇಳುತ್ತದೆ. ವ್ಯಾಸ 634.5, ಅಂದರೆ ಶೇ. 2.1 ಜಾಸ್ತಿ. ಮೊದಲಿಗೆ ಹೋಲಿಸಿದರೆ ಮೀಟರ್ 80 ತೋರಿಸುವಾಗ ನೀವು ಸುಮಾರು ಒಂದೂಮುಕ್ಕಾಲು ಕಿ.ಮೀ. ಹೆಚ್ಚು ವೇಗದಲ್ಲಿರುತ್ತೀರಿ. ಶೇ. 3ರ ಒಳಗಿದ್ದರೆ ನಡೆಯುತ್ತದೆ ಅನ್ನುವುದು ಟೈರ್ ವ್ಯಾಪಾರದಲ್ಲಿ ಚಾಲ್ತಿಯಲ್ಲಿರುವ ಮಾತು. ನಾನು 2 ದಾಟಿದರೆ ಯೋಚನೆ ಮಾಡುತ್ತೇನೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಐದು ಜನ ಕೂತು, ಹಂಪ್ ಮೇಲೆ ಹತ್ತಿದಾಗ ಟೈರ್ ಮಡ್‌ಗಾರ್ಡ್ ಒಳಗೆ ಉಜ್ಜುತ್ತದಾ ನೋಡಬೇಕು. ಪಿಕಪ್ ಒಂದು ಕೂದಲೆಳೆ ಕಮ್ಮಿಯಾಗುತ್ತದೆ, ಮೈಲೇಜ್ ಕೂಡ. ಮತ್ತೆ, ಸದ್ದು ಇಳಿಯುತ್ತದೆ ಅಂತ ಭರವಸೆ ಇಟ್ಟುಕೊಳ್ಳಬೇಡಿ, ಅಗಲ ಹೆಚ್ಚಾಗಿದೆಯಲ್ಲ.

ರಿಮ್ ಕೊಳ್ಳುವಾಗ

ಎರಡನೇ ದಾರಿ ಹಿಡಿದವರಿಗೆ ಇದು. ಇಂಚು ಒಂದೇ ಇದ್ದ ಮಾತ್ರಕ್ಕೆ ರಿಮ್ ಕೂರುವುದಿಲ್ಲ. ನಾಲ್ಕು ವಿಷಯ ಹೊಂದಬೇಕು.

ಬೋಲ್ಟ್ ರಂಧ್ರಗಳ ಅಳತೆ, ಅಂದರೆ ಪಿಸಿಡಿ. ಸ್ವಿಫ್ಟ್, ಬಲೆನೊ, ಐ20, ಸಿಟಿ ಇವಕ್ಕೆಲ್ಲ 4×100, ಅಂದರೆ 100 ಮಿ.ಮೀ. ವ್ಯಾಸದ ವೃತ್ತದ ಮೇಲೆ ನಾಲ್ಕು ರಂಧ್ರ. ಪೋಲೊಗೆ 5×100, ಕ್ರೆಟಾಗೆ 5×114.3.

ನಡುವಿನ ತೂತು. ಸ್ವಿಫ್ಟ್, ಬಲೆನೊ, ಐ20 ಕಾರುಗಳಲ್ಲಿ 54.1 ಮಿ.ಮೀ., ಹೋಂಡಾ ಸಿಟಿಯಲ್ಲಿ 56.1. ಹೊರಗಿನ ಕಂಪನಿಯ ಅಲಾಯ್‌ನಲ್ಲಿ ಇದು ದೊಡ್ಡದಾಗಿರುತ್ತದೆ. ಆಗ ಆ ಸಂದು ತುಂಬುವ ಬಳೆ, ಅಂದರೆ ಹಬ್ ರಿಂಗ್, ಹಾಕಲೇಬೇಕು. ಇಲ್ಲದಿದ್ದರೆ ಚಕ್ರ ಒಂದೆಳೆ ಆಚೀಚೆ ಕೂತು 80–100ರಲ್ಲಿ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ.

ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ. ರಿಮ್ಮಿನ ಒಳಗೆ ಇಟಿ ಅಂತ ಅಕ್ಷರದ ಪಕ್ಕ ಬರೆದಿರುತ್ತದೆ. ಮೂಲ ರಿಮ್ಮಿನಷ್ಟೇ ಇರಲಿ. ಚಕ್ರ ಹೊರಗೆ ಚಾಚಿದರೆ ನೋಡೋಕೆ ಸ್ಟೈಲು, ಬೇರಿಂಗ್‌ಗೆ ಶಿಕ್ಷೆ.

ನಟ್ಟು. ಕೆಲವು ರಿಮ್ಮಿಗೆ ಶಂಕುವಿನಾಕಾರದ ಕುಳಿ, ಹೋಂಡಾದ ಮೂಲ ರಿಮ್ಮಿಗೆ ಗುಂಡನೆಯದು. ಒಂದಕ್ಕೆ ಇನ್ನೊಂದರ ನಟ್ಟು ಹಾಕಿದರೆ ಬಿಗಿಯಾದಂತೆ ಕಾಣುತ್ತದೆ, ಬಿಗಿಯಾಗಿರುವುದಿಲ್ಲ.

ಬ್ರೇಕ್ ಬಗ್ಗೆಯೂ ಕೇಳಿ. ಮೇಲಿನ ವೇರಿಯಂಟ್‌ನಲ್ಲಿ ದೊಡ್ಡ ಡಿಸ್ಕ್ ಇದ್ದರೆ ಸಣ್ಣ ರಿಮ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗೆ ತಾಗುತ್ತದೆ. ದುಡ್ಡು ಕೊಡುವ ಮೊದಲು ಟೈರಿಲ್ಲದ ಬರೀ ರಿಮ್ಮನ್ನು ಮುಂದಿನ ಹಬ್ಬಿಗೆ ಹಾಕಿಸಿ, ಕೈಯಲ್ಲಿ ತಿರುಗಿಸಿ ನೋಡಿ. ಐದು ನಿಮಿಷದ ಕೆಲಸ, ಬೇಡ ಅನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ.

ಹೊಸ ರಿಮ್ಮೇ ಬೇಕು ಅಂತಿಲ್ಲ. ಕೆಳಗಿನ ವೇರಿಯಂಟ್ ಕೊಂಡವರು ಷೋಕಿಗೆ ಅಲಾಯ್ ಹಾಕಿಸಿ, ಓಡದೇ ಇರುವ ಸ್ಟೀಲ್ ರಿಮ್, ಟೈರ್ ಸಮೇತ ಬಿಟ್ಟು ಹೋಗಿರುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ, ಊರಿನ ಆಕ್ಸೆಸರೀಸ್ ಅಂಗಡಿಗಳಲ್ಲಿ ವಿಚಾರಿಸಿದರೆ ಸೆಟ್ಟಾಗಿ ಸಿಗುತ್ತವೆ. ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿ, ರಿಮ್ ಅಲ್ಲಾಡುತ್ತದಾ ನೋಡಿ ತಗೊಳ್ಳಿ. ಸ್ಟೀಲ್ ರಿಮ್ಮಿಗೆ ಕಡಿಮೆ ದರ್ಜೆ ಅನ್ನುವ ಭಾವನೆ ಬೇಡ. ಗುಂಡಿಗೆ ಬಿದ್ದರೆ ಅದು ಬಾಗುತ್ತದೆ, ತಟ್ಟಿ ಸರಿ ಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಎಸೆಯುವುದೇ.

ಟೈರ್ ಕೊಳ್ಳುವಾಗ

ಸೈಡ್‌ವಾಲ್ ಮೇಲೆ ನಾಲ್ಕು ಅಂಕಿಯ ತಾರೀಕು ಇರುತ್ತದೆ. 2325 ಅಂದರೆ 2025ರ 23ನೇ ವಾರ. ಆರು ತಿಂಗಳ ಒಳಗಿನದ್ದು ಕೇಳಿ. ನಾಲ್ಕೂ ಟೈರಿನ ತಾರೀಕು ನೋಡಿ, ಒಂದರದ್ದು ನೋಡಿ ಬಿಡಬೇಡಿ. ಹಳೆಯ ರಬ್ಬರು ಗಟ್ಟಿಯಾಗಿರುತ್ತದೆ, ಮೆತ್ತನೆಗೆ ಅಂತ ದುಡ್ಡು ಹಾಕಿ ಗಟ್ಟಿ ರಬ್ಬರು ತಂದರೆ ಏನು ಬಂತು?

2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ಹಿಡಿದು ಚೌಕಾಸಿಗೆ ಕೂರಬೇಡಿ, ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ. ಹೊರದೇಶದ ಟೈರುಗಳ ಆಮದನ್ನು ಸರ್ಕಾರ 2020ರ ಜೂನ್‌ನಲ್ಲಿ ನಿರ್ಬಂಧದ ಪಟ್ಟಿಗೆ ಸೇರಿಸಿತು. ಕೆಲವು ಸೈಜ್‌ಗಳು ಹುಡುಕಿದರೂ ಸಿಗದಿರಲು ಅದೂ ಒಂದು ಕಾರಣ. ಹಾಗಾಗಿ ಸಾಮಾನ್ಯ ಸೈಜ್ ಆರಿಸುವುದು ಜಾಣತನ. ನಾಳೆ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಟೈರ್ ಹರಿದರೆ 185/65 ಆರ್15 ಸಿಗುವುದು ಸುಲಭ.

ಟೈರಿನ ಮೇಲಿನ ಸ್ಟಾರ್ ಲೇಬಲ್ ನೋಡಿ ಮೌನದ ಲೆಕ್ಕ ಹಾಕಬೇಡಿ, ಅದು ಇಂಧನ ಉಳಿತಾಯದ ಗುರುತು. ಡೆಸಿಬೆಲ್ ಸಂಖ್ಯೆ ಕೊಟ್ಟಿದ್ದರೂ ಅದು ಕಾರು ಹಾದು ಹೋಗುವಾಗ ಹೊರಗೆ ನಿಂತು ಅಳೆದದ್ದು. ಒಳಗೆ ಕೂತವರ ಕಿವಿಗೆ ಬೀಳುವುದು ಬೇರೆ. ಅದಕ್ಕಿಂತ ನಿಮ್ಮದೇ ಮಾಡೆಲ್‌ಗೆ ಆ ಟೈರ್ ಹಾಕಿಸಿದವರ ಕಾರಿನಲ್ಲಿ ಒಂದು ರೌಂಡ್ ಕೂತು ಬನ್ನಿ. ದೊಡ್ಡ ದೊಡ್ಡ ಕಟ್ಟೆಗಳಂಥ ಅಚ್ಚಿರುವ ಎಟಿ (ಆಲ್ ಟೆರೇನ್, ಕಚ್ಚಾ ದಾರಿಗೂ ಆಗುವ) ಟೈರ್ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ.

ನಾಲ್ಕೂ ಒಂದೇ ಸಲ ಬದಲಿಸಿ. ಮುಂದೆ ಒಂದು ಸೈಜ್, ಹಿಂದೆ ಒಂದು ಸೈಜ್ ಹಾಕಿ ಓಡಿಸುವುದು ಮಳೆಯಲ್ಲಿ ಬ್ರೇಕ್ ಹಿಡಿದಾಗ ಕೈಕೊಡುತ್ತದೆ. ಸ್ಟೆಪ್ನಿಯ ವ್ಯಾಸವನ್ನೂ ಅದೇ ಲೆಕ್ಕದಲ್ಲಿ ಹಾಕಿ ನೋಡಿ, ಹತ್ತಿರ ಇದ್ದರೆ ಹಾಗೇ ಬಿಡಿ.

ಹಾಕಿಸುವ ದಿನ

ಪಕ್ಕದಲ್ಲೇ ನಿಂತು ನೋಡಿ. ಟೈರಿನ ಮೇಲೆ ಬಾಣದ ಗುರುತಿದ್ದರೆ ಅದು ಕಾರು ಮುಂದೆ ಹೋಗುವ ದಿಕ್ಕಿಗಿರಬೇಕು. ‘ಹೊರಗಿನ ಬದಿ’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೆ ಆ ಬದಿ ಹೊರಗೇ ಬರಬೇಕು. ಇದು ತಿರುವುಮುರುವಾದರೆ ಹೊಸ ಟೈರೇ ಗುಂಯ್‌ಗುಡಬಹುದು. ಗಾಳಿ ಬಾಯಿಯ ವಾಲ್ವ್ ಹೊಸದು ಹಾಕಿಸಿ. ಟಿಪಿಎಂಎಸ್ (ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ) ಇರುವ ಕಾರಾದರೆ ಹಳೆ ರಿಮ್ಮಿನ ಸೆನ್ಸರ್ ಹೊಸ ರಿಮ್ಮಿಗೆ ಬರಬೇಕು, ಸೆನ್ಸರ್ ಇಲ್ಲದ ಬಗೆಯಾದರೆ ಗಾಳಿ ಸರಿಮಾಡಿ ರೀಸೆಟ್ ಒತ್ತಬೇಕು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಅವತ್ತೇ ಆಗಲಿ.

ನಟ್ಟನ್ನು ಗಾಳಿ ಗನ್ನಿನಲ್ಲಿ ಟರ್ ಅನ್ನಿಸಿ ಬಿಡುತ್ತಾರೆ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲೇ (ಬಿಗಿಯನ್ನು ಅಳೆಯುವ ಪಾನಾ) ಆಗಬೇಕು ಅಂತ ಹೇಳಿ, ಎಷ್ಟು ಅನ್ನುವುದು ಕಾರಿನ ಮ್ಯಾನುಯಲ್‌ನಲ್ಲಿದೆ. 50–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಗಾಳಿ ಹೊಸ ಸೈಜಿಗೆ ಸ್ಟಿಕ್ಕರ್‌ನಲ್ಲಿ ಎಷ್ಟು ಹೇಳಿದೆಯೋ ಅಷ್ಟು.

ಮೊದಲ 200–300 ಕಿ.ಮೀ. ನಿಧಾನ ಇರಲಿ. ಹೊಸ ಟೈರಿನ ಮೈಮೇಲೆ, ಕಾರ್ಖಾನೆಯಲ್ಲಿ ಎರಕದ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಇರುತ್ತದೆ, ಅದು ಹೋಗುವವರೆಗೆ ಹಿಡಿತ ಪೂರ್ತಿ ಬರುವುದಿಲ್ಲ. ಅಷ್ಟರಲ್ಲಿ ಸ್ಟೀರಿಂಗ್‌ನಲ್ಲೂ ಒಂದು ಬದಲಾವಣೆ ಗೊತ್ತಾಗುತ್ತದೆ. ಎತ್ತರದ ಸೈಡ್‌ವಾಲ್ ತಿರುವಿನಲ್ಲಿ ಸ್ವಲ್ಪ ಬಳುಕುತ್ತದೆ. ಚಾರ್ಮಾಡಿಯ ಹಿಮ್ಮುರಿ ತಿರುವುಗಳಲ್ಲಿ ಮೊದಲಿನಷ್ಟು ಚುರುಕಾಗಿ ಕಾರು ಮಾತು ಕೇಳುವುದಿಲ್ಲ. ಜೋರಾಗಿ ಓಡಿಸಿ ಖುಷಿಪಡುವವರಿಗೆ ಇದು ಇಷ್ಟ ಆಗದೇ ಇರಬಹುದು. ಹಾಗಿದ್ದರೆ 16 ಇಂಚನ್ನೇ ಇಟ್ಟುಕೊಂಡು ಮೊದಲ ದಾರಿ ಹಿಡಿಯುವುದು ವಾಸಿ.

ಆಮೇಲೆ 8–10 ಸಾವಿರ ಕಿ.ಮೀ.ಗೆ ಒಮ್ಮೆ ಮುಂದಿನದ್ದು ಹಿಂದಕ್ಕೆ ಹಾಕಿಸಿ, ಅಲೈನ್‌ಮೆಂಟ್ ನೋಡಿಸಿ. ಬಿಚ್ಚಿದ ಅಲಾಯ್‌ಗಳನ್ನು ತಕ್ಷಣ ಮಾರಬೇಡಿ, ಗೋಣಿಚೀಲ ಸುತ್ತಿ ಮನೆಯಲ್ಲಿಡಿ. ಕಾರು ಮಾರುವಾಗ ಕೊಳ್ಳುವವರು ಕೇಳುವುದು ಅವನ್ನೇ.